ಬಡ ಮಗುವಿನ ತಟ್ಟೆ ಹುಡುಕಿ ಹೊರಟ ಜೀವಸತ್ವ

ಬೆಣ್ಣೆಗೆ ಹೆಸರಾದ ನಾಡಿನಲ್ಲಿ ಬೆಣ್ಣೆ ಸಿಗದೆ ಮಕ್ಕಳು ಕುರುಡಾದರು ಎಂದರೆ ನಂಬುವುದು ಕಷ್ಟ. ಆದರೆ ಇದು ನಡೆದ ಸಂಗತಿ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಡೆನ್ಮಾರ್ಕಿನ ಬಡ ಮಕ್ಕಳ ಕಣ್ಣುಗಳು ಒಣಗಿ, ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆ ಕರಗಿ, ಹಲವರ ದೃಷ್ಟಿ ಶಾಶ್ವತವಾಗಿ ಹೋಯಿತು. ಆ ದೇಶದಲ್ಲಿ ಆಗ ಹಾಲಿಗೆ ಬರವಿರಲಿಲ್ಲ. ಹಾಲು ಉತ್ಪಾದಕರ ಸಹಕಾರ ಚಳವಳಿಯ ತವರುಗಳಲ್ಲಿ ಡೆನ್ಮಾರ್ಕ್ ಒಂದು. ಅಲ್ಲಿನ ಮೊದಲ ಸಹಕಾರಿ ಡೇರಿ 1882ರಷ್ಟು ಹಿಂದೆಯೇ ಆರಂಭವಾಗಿತ್ತು.

ಹಾಗಾದರೆ ಆದದ್ದೇನು? ಯುದ್ಧದಲ್ಲಿ ತೊಡಗಿದ್ದ ದೇಶಗಳು ಬೆಣ್ಣೆಗೆ ಒಳ್ಳೆಯ ಬೆಲೆ ಕೊಡುತ್ತಿದ್ದವು. ಡೆನ್ಮಾರ್ಕಿನ ಡೇರಿಗಳು ಹಾಲಿನ ಕೆನೆ ತೆಗೆದು, ಬೆಣ್ಣೆ ಮಾಡಿ ಹಡಗಿಗೆ ಹತ್ತಿಸಿದವು. ಕೆನೆ ಹೋದ ತೆಳ್ಳನೆಯ ಹಾಲು ಊರಿನಲ್ಲೇ ಉಳಿಯಿತು. ಬೆಣ್ಣೆ ಕೊಳ್ಳಲಾಗದ ಬಡವರು ಸಸ್ಯಜನ್ಯ ಎಣ್ಣೆಯಿಂದ ಮಾಡಿದ ಅಗ್ಗದ ಮಾರ್ಗರಿನ್ ಬಳಸಿದರು. ನೋಡಲು ಬೆಣ್ಣೆಯಂತೆಯೇ ಇದ್ದರೂ ಬೆಣ್ಣೆಯ ಜೊತೆಗೇ ಇರುತ್ತಿದ್ದ ಒಂದು ಕಣ್ಣಿಗೆ ಕಾಣದ ವಸ್ತು ಅದರಲ್ಲಿ ಇರಲಿಲ್ಲ.

ಕೋಪನ್‌ಹೇಗನ್‌ನ ಮಕ್ಕಳ ವೈದ್ಯ ಕಾರ್ಲ್ ಬ್ಲಾಕ್ ಈ ರಹಸ್ಯವನ್ನು ಬಿಡಿಸಿದರು. ಒಂದೇ ಆಶ್ರಯಧಾಮದಲ್ಲಿ ಬೆಳೆಯುತ್ತಿದ್ದ ಮಕ್ಕಳಲ್ಲಿ ಕೆನೆಸಹಿತ ಹಾಲು ಕುಡಿದವರ ಕಣ್ಣು ಚೆನ್ನಾಗಿತ್ತು. ಕೆನೆ ತೆಗೆದ ಹಾಲು ಮತ್ತು ಗಂಜಿಯ ಮೇಲೆ ಬೆಳೆದವರಲ್ಲಿ ರೋಗ ಕಾಣಿಸಿಕೊಂಡಿತ್ತು. ಕಾಡ್ ಮೀನಿನ ಯಕೃತ್ತಿನ ಎಣ್ಣೆ ಕುಡಿಸಿದಾಗ ಕೆಲವೇ ದಿನಗಳಲ್ಲಿ ಗುಣ ಕಂಡಿತು. 1917ರ ಕೊನೆಯ ಹೊತ್ತಿಗೆ ಸಮುದ್ರದ ಮೇಲಿನ ಯುದ್ಧ ತೀವ್ರವಾಗಿ ಬೆಣ್ಣೆಯ ರಫ್ತು ಕುಸಿಯಿತು. ಸರ್ಕಾರ ಬೆಣ್ಣೆಗೆ ಪಡಿತರ ಪದ್ಧತಿ ತಂದು, ಎಲ್ಲರಿಗೂ ಕೈಗೆಟಕುವ ಬೆಲೆಯಲ್ಲಿ ತಲೆಗೆ ವಾರಕ್ಕೆ 250 ಗ್ರಾಂ ಬೆಣ್ಣೆ ಹಂಚಿತು. 1918ರಲ್ಲಿ ಮಕ್ಕಳ ಕಣ್ಣಿನ ರೋಗ ಇಳಿಮುಖವಾಯಿತು. ಯುದ್ಧ ಮುಗಿದು ಪಡಿತರ ನಿಂತ ಮೇಲೆ ರೋಗ ಮರಳಿ ಬಂದಿತು!

ಡಾ. ಬ್ಲಾಕ್ ಅವರ ವಾರ್ಡಿನಲ್ಲಿ ಕಂಡ ಈ ಸತ್ಯ ಮುಂದೆ ಇಡೀ ಶತಮಾನ ಮತ್ತೆ ಮತ್ತೆ ಎದುರಾಯಿತು. ದೇಶದಲ್ಲಿ ಪೌಷ್ಟಿಕ ಆಹಾರ ಇದ್ದರಷ್ಟೇ ಸಾಲದು, ಅದು ಯಾರ ತಟ್ಟೆಗೆ ಬೀಳುತ್ತದೆ ಎಂಬುದು ಮುಖ್ಯ. ದಿನಬಳಕೆಯ ಆಹಾರಕ್ಕೆ ಜೀವಸತ್ವ ಬೆರೆಸುವ ‘ಸಾರವರ್ಧನೆ’ಯ ಕಥೆ ಮೂಲತಃ ಈ ತಟ್ಟೆಯನ್ನು ಹುಡುಕಿಕೊಂಡು ಹೋದ ಕಥೆ.

ಇರುಳುಗುರುಡಿನಿಂದ ಆರಂಭ

ಕಣ್ಣಿಗೆ ಕಾಣದ ಆ ವಸ್ತುವೇ ಎ ಜೀವಸತ್ವ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಎಲ್ಮರ್ ಮೆಕಾಲಮ್ ಮತ್ತು ಮಾರ್ಗರೈಟ್ ಡೇವಿಸ್, ಯೇಲ್‌ನಲ್ಲಿ ಆಸ್ಬರ್ನ್ ಮತ್ತು ಮೆಂಡೆಲ್ 1913ರಲ್ಲಿ ಇದರ ಸುಳಿವನ್ನು ಪ್ರತ್ಯೇಕವಾಗಿ ಕಂಡುಹಿಡಿದರು. ಬೆಣ್ಣೆಯಲ್ಲಿರುವ ಯಾವುದೋ ಅಂಶವಿಲ್ಲದೆ ಇಲಿಮರಿಗಳು ಬೆಳೆಯುತ್ತಿರಲಿಲ್ಲ. ಅದಕ್ಕೂ ಮುಂಚೆ, 1904ರಲ್ಲಿ, ಜಪಾನಿನ ವೈದ್ಯ ಮೋರಿ ಅವರು ಇಂಥದೇ ಕಣ್ಣುರೋಗದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ವರ್ಣಿಸಿ, ಮೀನೆಣ್ಣೆಯಿಂದ ಅದು ವಾಸಿಯಾಗುವುದನ್ನು ಬರೆದಿದ್ದರು.

ಮಂದ ಬೆಳಕಿನಲ್ಲಿ ನೋಡಲು ಬೇಕಾದ ವರ್ಣದ್ರವ್ಯವನ್ನು ಕಣ್ಣಿನ ಒಳಪೊರೆ ತಯಾರಿಸುವುದು ಎ ಜೀವಸತ್ವದಿಂದ. ಇದರ ಕೊರತೆಯಾದಾಗ ಮೊದಲು ಕಾಣುವ ಲಕ್ಷಣ ಇರುಳುಗುರುಡು. ಹಗಲೆಲ್ಲ ಓಡಾಡಿಕೊಂಡಿದ್ದ ಮಗು ಮುಸ್ಸಂಜೆಯಾದೊಡನೆ ತಡವರಿಸಿ ನಡೆಯುತ್ತದೆ, ಇಟ್ಟ ಆಟಿಕೆ ಕಾಣುವುದಿಲ್ಲ. ಮುಂದೆ ಬಿಳಿಗುಡ್ಡೆಯ ಮೇಲೆ ನೊರೆಯಂಥ ಚುಕ್ಕೆಗಳು ಮೂಡುತ್ತವೆ. ಕಣ್ಣಿನ ಹೊಳಪು ಹೋಗುತ್ತದೆ. ಆಮೇಲಿನ ಹಂತದಲ್ಲಿ, ಅದರಲ್ಲೂ ದಡಾರ ಅಥವಾ ಭೇದಿ ತಗುಲಿದಾಗ, ಕೆಲವೇ ದಿನಗಳಲ್ಲಿ ಕಣ್ಣು ಕೈತಪ್ಪಿ ಹೋಗಬಹುದು.

ಈ ಜೀವಸತ್ವ ಸಿದ್ಧರೂಪದಲ್ಲಿ ಸಿಗುವುದು ಹಾಲಿನ ಕೊಬ್ಬು, ಮೊಟ್ಟೆ, ಯಕೃತ್ತು, ಮೀನೆಣ್ಣೆಗಳಲ್ಲಿ. ಹಸಿರು ಸೊಪ್ಪು, ಕ್ಯಾರೆಟ್, ಪರಂಗಿ, ಮಾವಿನ ಹಣ್ಣುಗಳಲ್ಲಿರುವ ಕ್ಯಾರೊಟಿನ್ ಅಂಶವನ್ನು ದೇಹ ಎ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುತ್ತದೆ. ಆದರೆ ಅದು ಚೆನ್ನಾಗಿ ಮೈಗೆ ಹತ್ತಬೇಕಾದರೆ ಊಟದಲ್ಲಿ ಸ್ವಲ್ಪ ಎಣ್ಣೆಯೋ ತುಪ್ಪವೋ ಇರಬೇಕು. ಸೊಪ್ಪಿನ ನಾರು ಇಷ್ಟಪಡದ, ಜಿಡ್ಡು ಕಾಣದ ತಟ್ಟೆಯ ಎರಡು ವರ್ಷದ ಮಗುವಿಗೆ ಈ ಎರಡೂ ದಾರಿಗಳು ಕಿರಿದು.

ಮಾರ್ಗರಿನ್‌ನಿಂದ ಡಾಲ್ಡಾಗೆ

ಡೆನ್ಮಾರ್ಕಿನ ಪಾಠದಿಂದ ಹೊರಟ ಮೊದಲ ಉಪಾಯ ಸರಳವಾಗಿತ್ತು. ಬಡವರು ಬೆಣ್ಣೆಯ ಬದಲು ಮಾರ್ಗರಿನ್ ತಿನ್ನುವುದಾದರೆ ಬೆಣ್ಣೆಯಲ್ಲಿರುವ ಜೀವಸತ್ವವನ್ನು ಮಾರ್ಗರಿನ್‌ಗೇ ಸೇರಿಸಿದರೆ ಆಯಿತು. 1920ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ತಯಾರಕರು ಇದನ್ನು ಆರಂಭಿಸಿದರು. ಎರಡನೆಯ ಮಹಾಯುದ್ಧದ ವೇಳೆ, 1940ರಲ್ಲಿ, ಅಲ್ಲಿನ ಸರ್ಕಾರ ಅದನ್ನು ಕಡ್ಡಾಯ ಮಾಡಿತು. ಆಗ ಬಳಕೆಯಲ್ಲಿದ್ದುದು ಮೀನಿನ ಎಣ್ಣೆಯಿಂದ ತೆಗೆದ ಜೀವಸತ್ವ. 1940ರ ದಶಕದ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ರೋಶ್ ಕಂಪನಿ ಅದನ್ನು ಕಾರ್ಖಾನೆಯಲ್ಲಿ ಕೃತಕವಾಗಿ ತಯಾರಿಸುವ ವಿಧಾನ ಕಂಡುಕೊಂಡ ಮೇಲೆ ಬೆಲೆ ಇಳಿಯತೊಡಗಿತು.

ಭಾರತದಲ್ಲಿ ಈ ರೋಗ ಹೊಸದೇನಲ್ಲ. ಮದರಾಸಿನ ಸರ್ಕಾರಿ ಕಣ್ಣಾಸ್ಪತ್ರೆಯ ಡಾ. ರೈಟ್ 1920ರ ದಶಕದಲ್ಲೇ ದಕ್ಷಿಣ ಭಾರತದ ಮಕ್ಕಳಲ್ಲಿ ಇದನ್ನು ಗುರುತಿಸಿದ್ದರು. ನೀಲಗಿರಿಯ ಕೂನೂರಿನಲ್ಲಿದ್ದ ಪೌಷ್ಟಿಕ ಆಹಾರ ಸಂಶೋಧನಾಲಯದ ನಿರ್ದೇಶಕ ಡಾ. ಐಕ್ರಾಯ್ಡ್ ಅವರೊಡನೆ ಸೇರಿ, ಕ್ಯಾರೊಟಿನ್ ತುಂಬಿದ ಕೆಂಪು ತಾಳೆ ಎಣ್ಣೆಯಿಂದ ಈ ರೋಗಕ್ಕೆ ಚಿಕಿತ್ಸೆ ಮಾಡಿದ ವಿವರವನ್ನು 1937ರಲ್ಲಿ ಪ್ರಕಟಿಸಿದರು. ಆ ಕೂನೂರಿನ ಸಂಸ್ಥೆಯೇ ಮುಂದೆ ಹೈದರಾಬಾದಿಗೆ ಹೋಗಿ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆಯಾಯಿತು.

ಅದೇ 1937ರ ಸುಮಾರಿಗೆ ಡಾಲ್ಡಾ ಮಾರುಕಟ್ಟೆಗೆ ಬಂದದ್ದು ಕಾಕತಾಳೀಯ. ತುಪ್ಪದ ಜಾಗಕ್ಕೆ ವನಸ್ಪತಿ ಬಂದಂತೆ, ಬ್ರಿಟನ್ನಿನಲ್ಲಿ ಬೆಣ್ಣೆಯ ಜಾಗಕ್ಕೆ ಬಂದ ಮಾರ್ಗರಿನ್‌ನ ಪ್ರಶ್ನೆಯೇ ಇಲ್ಲಿಯೂ ಎದ್ದಿತು. ಸ್ವಾತಂತ್ರ್ಯಾನಂತರ, 1950ರ ದಶಕದಲ್ಲಿ, ವನಸ್ಪತಿಗೆ ಎ ಜೀವಸತ್ವ ಸೇರಿಸುವುದನ್ನು ಸರ್ಕಾರ ಕಡ್ಡಾಯಗೊಳಿಸಿತು. ಗ್ರಾಂ ಒಂದಕ್ಕೆ 25 ಯೂನಿಟ್ ಎಂಬುದು ಅದರ ಪ್ರಮಾಣ. ಆಹಾರದ ಸಾರವರ್ಧನೆಯಲ್ಲಿ ಇಷ್ಟು ಬೇಗ ಕಾನೂನು ಮಾಡಿದ ಬಡ ದೇಶಗಳು ವಿರಳ.

ಆದರೂ ಕೂಲಿಕಾರರ ಮಕ್ಕಳ ಇರುಳುಗುರುಡು ಹೋಗಲಿಲ್ಲ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಹಳದಿ ಡಬ್ಬದ ವನಸ್ಪತಿ ಮಧ್ಯಮ ವರ್ಗದ ಅಡುಗೆಮನೆಗೆ, ಹೋಟೆಲಿಗೆ, ಮಿಠಾಯಿ ಅಂಗಡಿಗೆ, ಬೇಕರಿಗೆ ಹೋಯಿತು. ಹಬ್ಬಕ್ಕೊಮ್ಮೆ ಎಣ್ಣೆ ಬಾಣಲೆ ಇಡುವ ಮನೆಯಲ್ಲಿ, ಮುದ್ದೆ ಸಾರು ಉಣ್ಣುವ ಮಗುವಿನ ತಟ್ಟೆಗೆ ಅದು ಬೀಳಲಿಲ್ಲ. ಔಷಧ ಸರಿಯಾಗಿತ್ತು, ಅದನ್ನು ಹೊತ್ತ ಗಾಡಿ ಮಾತ್ರ ಬೇರೆ ಬೀದಿಗೆ ಹೋಗುತ್ತಿತ್ತು. ದಶಕಗಳ ನಂತರ ಆ ಗಾಡಿಯ ಮೇಲೆಯೇ ಇನ್ನೊಂದು ಆರೋಪ ಬಂದಿತು. ವನಸ್ಪತಿಯಲ್ಲಿನ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೆಡುಕು ಎಂದು ಸಾಬೀತಾಗಿ, 2022ರಿಂದ ಖಾದ್ಯ ಎಣ್ಣೆ ಮತ್ತು ಕೊಬ್ಬುಗಳಲ್ಲಿ ಅದನ್ನು ಶೇ 2ಕ್ಕೆ ಮಿತಿಗೊಳಿಸಲಾಯಿತು.

ಸಕ್ಕರೆಯನ್ನು ಆರಿಸಿದ ಗ್ವಾಟೆಮಾಲ

ಈ ಪ್ರಶ್ನೆಯನ್ನು ತಲೆಕೆಳಗಾಗಿಸಿ ಕೇಳಿದವರು ಮಧ್ಯ ಅಮೆರಿಕದ ವಿಜ್ಞಾನಿಗಳು. ಯಾವ ಆಹಾರಕ್ಕೆ ಜೀವಸತ್ವ ಬೆರೆಸುವುದು ಸುಲಭ ಎಂದು ಅವರು ಮೊದಲು ಕೇಳಲಿಲ್ಲ. ಅತ್ಯಂತ ಬಡ ಮಗು ದಿನವೂ ತಪ್ಪದೆ ತಿನ್ನುವುದೇನು ಎಂದು ಕೇಳಿದರು.

ಗ್ವಾಟೆಮಾಲ ನಗರದಲ್ಲಿ 1949ರಲ್ಲಿ ಸ್ಥಾಪನೆಯಾದ ಮಧ್ಯ ಅಮೆರಿಕ ಮತ್ತು ಪನಾಮಾದ ಪೌಷ್ಟಿಕ ಆಹಾರ ಸಂಸ್ಥೆ (ಇನ್‌ಕಾಪ್) 1960ರ ದಶಕದ ಮಧ್ಯಭಾಗದಲ್ಲಿ ಆರು ದೇಶಗಳಲ್ಲಿ ಸಮೀಕ್ಷೆ ನಡೆಸಿತು. ಐದು ವರ್ಷದೊಳಗಿನ ಬಹಳಷ್ಟು ಮಕ್ಕಳ ರಕ್ತದಲ್ಲಿ ಎ ಜೀವಸತ್ವ ತೀರಾ ಕಡಿಮೆ ಇರುವುದು ಗೊತ್ತಾಯಿತು. ಗಿಲ್ಲೆರ್ಮೊ ಅರೊಯಾವೆ ಎಂಬ ವಿಜ್ಞಾನಿಯ ನೇತೃತ್ವದಲ್ಲಿ ಪರಿಹಾರದ ಹುಡುಕಾಟ ಶುರುವಾಯಿತು.

ಅಲ್ಲಿಯ ಜನರ ಮುಖ್ಯ ಆಹಾರ ಮೆಕ್ಕೆಜೋಳ. ಆದರೆ ಅದನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರುಬ್ಬಿ, ರೊಟ್ಟಿ ತಟ್ಟುವ ಕೆಲಸವೆಲ್ಲ ಮನೆಯಲ್ಲೇ ನಡೆಯುತ್ತದೆ. ಲಕ್ಷಾಂತರ ಮನೆಗಳ ಒಲೆಯ ಮುಂದೆ ಜೀವಸತ್ವ ಹಿಡಿದು ನಿಲ್ಲುವವರು ಯಾರು? ಉಪ್ಪು ಎಲ್ಲರೂ ತಿನ್ನುತ್ತಾರೆ. ಆದರೆ ತೇವದ ಒರಟು ಉಪ್ಪಿನಲ್ಲಿ ಎ ಜೀವಸತ್ವ ಬಾಳುವುದಿಲ್ಲ. ಹಾಲು, ಬೆಣ್ಣೆಗಳು ಬಡವರ ಮನೆಯಲ್ಲಿ ಇಲ್ಲ. ಕೊನೆಗೆ ಉಳಿದದ್ದು ಸಕ್ಕರೆ. ಅಲ್ಲಿ ಸಣ್ಣ ಮಕ್ಕಳಿಗೂ ಸಿಹಿ ಹಾಕಿದ ನೀರುಗಾಫಿ, ಗಂಜಿ ಕುಡಿಸುವ ರೂಢಿ. ಬಡವ ಬಲ್ಲಿದರೆನ್ನದೆ ಎಲ್ಲರೂ ಸಕ್ಕರೆ ಬಳಸುತ್ತಿದ್ದರು. ಅದೆಲ್ಲ ತಯಾರಾಗುತ್ತಿದ್ದುದು ಬೆರಳೆಣಿಕೆಯ ಕಾರ್ಖಾನೆಗಳಲ್ಲಿ. ಜೊತೆಗೆ, ಎಷ್ಟೇ ಇಷ್ಟವಾದರೂ ಒಬ್ಬ ಮನುಷ್ಯ ದಿನಕ್ಕೆ ತಿನ್ನುವ ಸಕ್ಕರೆಗೆ ಒಂದು ಮಿತಿ ಇರುವುದರಿಂದ ಜೀವಸತ್ವ ಅತಿಯಾಗುವ ಭಯ ಕಡಿಮೆ.

ತಾಂತ್ರಿಕ ತೊಡಕು ಸಣ್ಣದಾಗಿರಲಿಲ್ಲ. ಎ ಜೀವಸತ್ವ ಕೊಬ್ಬಿನಲ್ಲಿ ಕರಗುವಂಥದು, ಬೆಳಕು ಮತ್ತು ಗಾಳಿಗೆ ಹಾಳಾಗುವಂಥದು. ಸಕ್ಕರೆಯೋ ನೀರಿನಲ್ಲಿ ಕರಗುವ ಹರಳು. ಜೀವಸತ್ವವನ್ನು ನೀರಿನಲ್ಲಿ ಬೆರೆಯುವ ಸಣ್ಣ ಕಣಗಳ ರೂಪಕ್ಕೆ ತಂದು, ಅವು ಹರಳಿನಿಂದ ಉದುರಿ ಚೀಲದ ತಳ ಸೇರದಂತೆ ಕಡಲೆಕಾಯಿ ಎಣ್ಣೆಯ ತೆಳು ಲೇಪದಿಂದ ಅಂಟಿಸಲಾಯಿತು. ಹೀಗೆ ಸಿದ್ಧವಾದ ಗಟ್ಟಿ ಮಿಶ್ರಣದ ಒಂದು ಪಾಲನ್ನು ಸಾವಿರ ಪಾಲು ಸಕ್ಕರೆಗೆ ಬೆರೆಸಿದರೆ ಕಿಲೋ ಸಕ್ಕರೆಗೆ ಸುಮಾರು 15 ಮಿಲಿಗ್ರಾಂ ಜೀವಸತ್ವ ಸೇರುತ್ತದೆ. ರುಚಿ, ಬಣ್ಣ, ವಾಸನೆ ಯಾವುದೂ ಬದಲಾಗದು. ಕೊಳ್ಳುವವನಿಗೆ ವ್ಯತ್ಯಾಸವೇ ತಿಳಿಯದು.

1974ರಲ್ಲಿ ಗ್ವಾಟೆಮಾಲ ಕಾನೂನು ಮಾಡಿತು. 1975ರ ಕೊನೆಯಲ್ಲಿ ಸಾರವರ್ಧಿತ ಸಕ್ಕರೆ ಅಂಗಡಿಗೆ ಬಂದಿತು. ಎರಡು ವರ್ಷಗಳಲ್ಲಿ ಕೊರತೆಯಿದ್ದ ಮಕ್ಕಳ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ತಾಯಂದಿರ ಎದೆಹಾಲಿನಲ್ಲಿ ಜೀವಸತ್ವದ ಪ್ರಮಾಣ ಏರಿತು. ಅಂದರೆ ಇನ್ನೂ ಸಕ್ಕರೆ ತಿನ್ನದ ಎಳೆಗೂಸಿಗೂ ಪಾಲು ಸಿಕ್ಕಿತು! ಮಕ್ಕಳ ದೇಹ ಕಬ್ಬಿಣವನ್ನು ಬಳಸಿಕೊಳ್ಳುವ ರೀತಿಯೂ ಸುಧಾರಿಸಿದ್ದನ್ನು ಇನ್‌ಕಾಪ್ ವಿಜ್ಞಾನಿಗಳು 1982ರಲ್ಲಿ ವರದಿ ಮಾಡಿದರು.

ಗೆದ್ದ ಮೇಲೆ ನಿಂತುಹೋದದ್ದು

ಇಷ್ಟು ಚೆನ್ನಾಗಿ ನಡೆದ ಕಾರ್ಯಕ್ರಮ ಮುಂದುವರಿಯಲೇಬೇಕಿತ್ತು. ಆದರೆ ಜೀವಸತ್ವ ವಿದೇಶದಿಂದ ಬರಬೇಕಿತ್ತು, ಅದಕ್ಕೆ ಡಾಲರ್ ಬೇಕಿತ್ತು. ದೇಶದೊಳಗೆ ಅಂತರ್ಯುದ್ಧ ನಡೆಯುತ್ತಿತ್ತು, ಆರ್ಥಿಕ ಸ್ಥಿತಿ ಹದಗೆಟ್ಟಿತ್ತು. ಸಕ್ಕರೆ ಕಾರ್ಖಾನೆಗಳ ಮಾಲೀಕರಿಗೆ ಇದು ತಮ್ಮ ತಲೆಯ ಮೇಲೆ ಬಂದ ಖರ್ಚು. ಕಾನೂನು ಪುಸ್ತಕದಲ್ಲೇ ಇತ್ತು, ಆದರೆ ಕೆಲವೇ ವರ್ಷಗಳಲ್ಲಿ ಬೆರಕೆ ನಿಂತಿತು. 1980ರ ದಶಕದ ಬಹುಭಾಗ ಗ್ವಾಟೆಮಾಲದ ಸಕ್ಕರೆ ಬರೀ ಸಕ್ಕರೆಯಾಗಿತ್ತು. ಡೆನ್ಮಾರ್ಕಿನಲ್ಲಿ ಪಡಿತರ ನಿಂತಾಗ ಆದಂತೆ ಇಲ್ಲಿಯೂ ಕೊರತೆ ಮರಳಿ ಬಂದಿತು.

ಇದರಲ್ಲಿ ಒಂದು ವಿಚಿತ್ರವಿದೆ. ಜನರಿಗೆ ಗೊತ್ತೇ ಆಗದಂತೆ ಕೆಲಸ ಮಾಡುವುದು ಸಾರವರ್ಧನೆಯ ದೊಡ್ಡ ಗುಣ. ಅದೇ ಅದರ ದೌರ್ಬಲ್ಯವೂ ಹೌದು. ಪಡಿತರ ಅಕ್ಕಿ ನಿಂತರೆ ಜನ ಬೀದಿಗಿಳಿಯುತ್ತಾರೆ. ಸಕ್ಕರೆಯೊಳಗಿನ ಜೀವಸತ್ವ ನಿಂತರೆ ಯಾರೂ ಕೂಗುವುದಿಲ್ಲ. ಏಕೆಂದರೆ ಅದು ಇತ್ತು ಎಂಬುದೇ ಅವರಿಗೆ ಗೊತ್ತಿರಲಿಲ್ಲ.

ಆ ದಶಕದ ಕೊನೆಯಲ್ಲಿ ಕಾರ್ಯಕ್ರಮ ಮತ್ತೆ ಆರಂಭವಾಯಿತು. ಅಷ್ಟರಲ್ಲಿ ಜಗತ್ತಿನ ತಿಳಿವಳಿಕೆಯೂ ಬದಲಾಗಿತ್ತು. ಇಂಡೊನೇಷ್ಯಾದ ಆಚೆ ಪ್ರಾಂತ್ಯದ 450 ಹಳ್ಳಿಗಳಲ್ಲಿ ಆಲ್ಫ್ರೆಡ್ ಸಾಮರ್ ಮತ್ತು ಸಂಗಡಿಗರು ನಡೆಸಿ 1986ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎ ಜೀವಸತ್ವ ನೀಡಿದ ಹಳ್ಳಿಗಳಲ್ಲಿ ಮಕ್ಕಳ ಸಾವು ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗಿತ್ತು. ಇದು ಕಣ್ಣಿನ ಪ್ರಶ್ನೆಯಷ್ಟೇ ಅಲ್ಲ, ಜೀವದ ಪ್ರಶ್ನೆ ಎಂಬುದು ಆಗ ಸ್ಪಷ್ಟವಾಯಿತು. ನೆರೆಯ ತಮಿಳುನಾಡಿನಲ್ಲಿ ಸುಮಾರು 15 ಸಾವಿರ ಮಕ್ಕಳಿಗೆ ವಾರಕ್ಕೊಮ್ಮೆ, ಊಟದಿಂದ ಸಿಗಬಹುದಾದಷ್ಟೇ ಸಣ್ಣ ಪ್ರಮಾಣ ನೀಡಿದ ಪ್ರಯೋಗದ ಫಲಿತಾಂಶ 1990ರಲ್ಲಿ ಹೊರಬಂದಿತು. ಅಲ್ಲಿ ಸಾವು ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಒಮ್ಮೆಗೇ ದೊಡ್ಡ ಗುಟುಕಿಗಿಂತ ದಿನದಿನದ ಚಿಟಿಕೆಗೂ ಶಕ್ತಿಯಿದೆ ಎಂಬ ನಂಬಿಕೆಗೆ ಇದು ಬಲ ತಂದಿತು. ಆದರೆ ಎಲ್ಲ ಕಡೆಯೂ ಇಷ್ಟೇ ಲಾಭ ಕಾಣಲಿಲ್ಲ. ಉತ್ತರ ಪ್ರದೇಶದ ಹತ್ತು ಲಕ್ಷ ಮಕ್ಕಳಲ್ಲಿ ದೊಡ್ಡ ಗುಟುಕು ನೀಡಿ ನಡೆಸಿದ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡ ಇಳಿಕೆ ತೀರಾ ಅಲ್ಪ. ಮಕ್ಕಳ ಸ್ಥಿತಿಗತಿ, ಸೋಂಕು, ಲಸಿಕೆಗಳು ಬದಲಾದಂತೆ ಫಲವೂ ಬದಲಾಗುತ್ತದೆ.

ಗ್ವಾಟೆಮಾಲದ ಸಕ್ಕರೆಯನ್ನು ನೆರೆಯ ಹೊಂಡುರಾಸ್, ಎಲ್ ಸಾಲ್ವಡಾರ್ ದೇಶಗಳು ಅನುಸರಿಸಿದವು. ಆಫ್ರಿಕಾದ ಜಾಂಬಿಯಾ 1998ರಲ್ಲಿ ಇದೇ ಹಾದಿ ಹಿಡಿಯಿತು. ಇಂಡೊನೇಷ್ಯಾ ಮಾತ್ರ ಅಡುಗೆಯ ರುಚಿಪುಡಿಯನ್ನು, ಅಂದರೆ ಅಜಿನೊಮೊಟೊ ಬಗೆಯದನ್ನು, ಆರಿಸಿಕೊಂಡಿತು. ಮಕ್ಕಳಿಗೆ ಲಾಭವಾಯಿತು, ಆದರೆ ಬೆಳ್ಳಗಿರಬೇಕಾದ ಪುಡಿ ಬಣ್ಣಗೆಟ್ಟಿತು. ಯೋಜನೆ ಮುಂದೆ ಸಾಗಲಿಲ್ಲ. ಕೊಳ್ಳುವವರ ಕಣ್ಣಿಗೆ ಹಿಡಿಸದ ವಸ್ತು ಎಷ್ಟು ಒಳ್ಳೆಯದಾದರೂ ಅಂಗಡಿಯಲ್ಲೇ ಉಳಿಯುತ್ತದೆ.

ನಮ್ಮ ಹಾಲು, ನಮ್ಮ ಎಣ್ಣೆ

ಭಾರತ ಸಕ್ಕರೆಯ ದಾರಿ ಹಿಡಿಯಲಿಲ್ಲ. ಹೈದರಾಬಾದಿನ ಸಂಸ್ಥೆಯ ಪ್ರಯೋಗಗಳ ಆಧಾರದ ಮೇಲೆ 1970ರಲ್ಲಿ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಎರಡು ಲಕ್ಷ ಯೂನಿಟ್ ಜೀವಸತ್ವ ಕುಡಿಸುವ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಅಂಗನವಾಡಿಗಳಲ್ಲಿ ಚಮಚದಲ್ಲಿ ಕುಡಿಸುವ ಹಳದಿ ದ್ರವ ಅದರ ಮುಂದುವರಿಕೆಯೇ. ಮಗುವಿಗೆ ಒಂಬತ್ತು ತಿಂಗಳಾದಾಗ ದಡಾರದ ಲಸಿಕೆಯೊಂದಿಗೆ ಮೊದಲ ಗುಟುಕು, ಐದು ವರ್ಷ ತುಂಬುವುದರೊಳಗೆ ಒಟ್ಟು ಒಂಬತ್ತು ಗುಟುಕು ಎಂಬುದು ಕ್ರಮ.

ಗ್ವಾಟೆಮಾಲದ ಮಾದರಿಯನ್ನು ಇಲ್ಲಿ ಹಾಗೆಯೇ ನಕಲು ಮಾಡುವುದೂ ಕಷ್ಟವಿತ್ತು. ಕಾರ್ಖಾನೆಯ ಸಕ್ಕರೆಯಷ್ಟೇ ಸಲೀಸಾಗಿ ಬೆಲ್ಲ ಬಳಸುವ ನಾಡು ಇದು. ಮಂಡ್ಯದಂಥ ಕಡೆ ಗದ್ದೆಯಂಚಿನ ಆಲೆಮನೆಗಳಲ್ಲಿ ಕುದಿಯುವ ಕೊಪ್ಪರಿಗೆಗಳಿಗೆಲ್ಲ ಅಳೆದು ಜೀವಸತ್ವ ಬೆರೆಸುವುದು ಆಗದ ಮಾತು.

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2018ರ ನಿಯಮಗಳಲ್ಲಿ ಐದು ಆಹಾರಗಳಿಗೆ ಸಾರವರ್ಧನೆಯ ಮಾನದಂಡ ಗೊತ್ತುಮಾಡಿತು: ಉಪ್ಪು, ಅಕ್ಕಿ, ಗೋಧಿ ಹಿಟ್ಟು, ಎಣ್ಣೆ, ಹಾಲು. ಇವುಗಳಲ್ಲಿ ಎ ಮತ್ತು ಡಿ ಜೀವಸತ್ವ ಎರಡನ್ನೂ ಹೊರುವ ಹೊಣೆ ಎಣ್ಣೆ ಮತ್ತು ಹಾಲಿನದು. ಲೀಟರ್ ಹಾಲಿಗೆ 270ರಿಂದ 450 ಮೈಕ್ರೋಗ್ರಾಂ ಎ ಜೀವಸತ್ವ ಎಂಬುದು ನಿಯಮ. ಪೊಟ್ಟಣದ ಮೇಲಿನ ‘ಪ್ಲಸ್ ಎಫ್’ ಗುರುತು ಇದನ್ನೇ ಹೇಳುತ್ತದೆ. ಟೋನ್ಡ್ ಹಾಲಿನಲ್ಲಿ ಕೆನೆಯ ಜೊತೆ ಹೋದದ್ದನ್ನು ಹಿಂದಿರುಗಿಸುವ ಕೆಲಸವಿದು. ಡೆನ್ಮಾರ್ಕಿನ ಸಾಲವನ್ನು ನೂರು ವರ್ಷದ ನಂತರ ತೀರಿಸಿದಂತೆ!

ಆದರೆ ಹಳೆಯ ಪ್ರಶ್ನೆ ಬಾಗಿಲಲ್ಲೇ ನಿಂತಿದೆ. ಪೊಟ್ಟಣದ ಹಾಲು ಹೆಚ್ಚಾಗಿ ಪೇಟೆಯ ಮನೆಗೆ ಹೋಗುತ್ತದೆ. ಡಬ್ಬದಿಂದ ಅಳೆದುಕೊಡುವ ಬಿಡಿ ಎಣ್ಣೆಗೆ ಯಾವ ಗುರುತೂ ಇರುವುದಿಲ್ಲ. ಬೆಳಗ್ಗೆ ಕರೆದ ಹಾಲನ್ನೆಲ್ಲ ಡೇರಿಗೆ ಹಾಕಿ, ಮನೆಯ ಮಗುವಿಗೆ ಕರಿ ಚಹಾ ಕೊಡುವ ಹಟ್ಟಿಯಲ್ಲಿ ನಡೆಯುವುದು ಡೆನ್ಮಾರ್ಕಿನ ರೈತನ ಕಥೆಯೇ ಅಲ್ಲವೇ?

ಇನ್ನೊಂದು ಎಚ್ಚರಿಕೆಯೂ ಬೇಕು. ಎ ಜೀವಸತ್ವ ಯಕೃತ್ತಿನಲ್ಲಿ ಸಂಗ್ರಹವಾಗುತ್ತದೆ. ಸಿದ್ಧರೂಪದ ಜೀವಸತ್ವ ಬಹುಕಾಲ ಅತಿಯಾದರೆ ಅದೇ ವಿಷ. 2016–18ರ ರಾಷ್ಟ್ರೀಯ ಮಕ್ಕಳ ಪೌಷ್ಟಿಕತೆ ಸಮೀಕ್ಷೆಯಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಶೇ 18ರಷ್ಟು ಜನರಿಗೆ ಮಾತ್ರ ಕೊರತೆ ಕಂಡುಬಂದಿತು. ಈ ಲೆಕ್ಕವನ್ನು ಮುಂದಿಟ್ಟು, ದೊಡ್ಡ ಗುಟುಕಿನ ಜೊತೆಗೆ ಎಣ್ಣೆ, ಹಾಲು ಎರಡಕ್ಕೂ ಬೆರೆಸುವುದು ಕೆಲವು ಮಕ್ಕಳಿಗೆ ಅತಿಯಾದೀತು ಎಂದು 2021ರಲ್ಲಿ ನಮ್ಮ ದೇಶದ ಸಂಶೋಧಕರೇ ಎಚ್ಚರಿಸಿದರು. ಕೊರತೆ ಉಳಿದಿರುವುದು ಎಲ್ಲಿ ಎಂದು ಹುಡುಕಿ ಅಲ್ಲಿಗೆ ತಲುಪಿಸುವುದು ಸರಿ, ತುಂಬಿದ ತಟ್ಟೆಗೇ ಮತ್ತೆ ಬಡಿಸುವುದಲ್ಲ ಎಂಬುದು ಈ ವಾದದ ತಿರುಳು.

ನುಗ್ಗೆಸೊಪ್ಪು, ಹರಿವೆ, ಪರಂಗಿ ಹಣ್ಣು, ಒಂದು ಮೊಟ್ಟೆ, ಒಂದು ಲೋಟ ಕೆನೆಸಹಿತ ಹಾಲು ದಿನವೂ ಸಿಗುವ ಮಗುವಿಗೆ ಯಾವ ಸಾರವರ್ಧನೆಯೂ ಬೇಡ. ಆ ದಿನ ಬರುವವರೆಗೆ ಜೀವಸತ್ವವನ್ನು ಹೊರುವ ಗಾಡಿ ಬೇಕೇ ಬೇಕು. ಆ ಗಾಡಿ ಯಾವ ಮನೆಯ ಮುಂದೆ ನಿಲ್ಲುತ್ತದೆ ಎಂದು ನೋಡಿದ ಕಡೆ ಮಕ್ಕಳ ಕಣ್ಣು ಉಳಿದಿದೆ. ನೋಡುವುದನ್ನು ಬಿಟ್ಟ ಕಡೆ ರೋಗ ಮರಳಿ ಬಂದಿದೆ. ಡೆನ್ಮಾರ್ಕಿನ ಬೆಣ್ಣೆಯೂ ಗ್ವಾಟೆಮಾಲದ ಸಕ್ಕರೆಯೂ ಕಲಿಸಿದ್ದು ಇಷ್ಟನ್ನೇ.